ಮಹಿಷಾಸುರನ ಕಣ್ಣಿಗೆ ಫ್ಲ್ಯಾಶ್ ಹೊಡೆಯಬೇಡಿ

ಮೊನ್ನೆ ಆಫೀಸಿನಲ್ಲಿ ಊಟಕ್ಕೆ ಕೂತಿದ್ದಾಗ ನಮ್ಮ ಟೀಮಿನ ಹುಡುಗನೊಬ್ಬ ಕೇಳಿದ. "ಊರ ಜಾತ್ರೇಲಿ ರಾತ್ರಿ ನಾಟಕ ಇದೆ, ಹೊಸ ಕ್ಯಾಮೆರಾ ತಗೊಂಡಿದೀನಿ. ಯಾವ ಫ್ಲ್ಯಾಶ್ ತಗೊಳ್ಲಿ, ಹೇಳಿ?"

"ತಗೋಬೇಡ" ಅಂದೆ.

ದುಡ್ಡು ಉಳಿಸೋಕೆ ಹೇಳ್ತಿದೀನಿ ಅಂದುಕೊಂಡ ಪಾಪ. "ಪರವಾಗಿಲ್ಲ, ಬೋನಸ್ ಬಂದಿದೆ" ಅಂದ. ಅಷ್ಟರಲ್ಲಿ ಮೀಟಿಂಗಿಗೆ ಹೊತ್ತಾಯಿತು, ಇಬ್ಬರೂ ತಟ್ಟೆ ಇಟ್ಟು ಎದ್ದೆವು. ಅವನಿಗೆ ಕೊಡಬೇಕಿದ್ದ ಪೂರ್ತಿ ಉತ್ತರ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ನಮ್ಮದು ದಕ್ಷಿಣ ಕನ್ನಡದ ಕಡೆ. ನಮ್ಮಲ್ಲಿ ಯಕ್ಷಗಾನಕ್ಕೆ ಹೋಗ್ತೀವಿ ಅಂತ ಯಾರೂ ಹೇಳುವುದಿಲ್ಲ, 'ಆಟಕ್ಕೆ ಹೋಗುದು' ಅಂತಲೇ ಹೇಳುವುದು. ದೀಪಾವಳಿ ಕಳೆದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಟರೆ ಪತ್ತನಾಜೆ ಬರುವವರೆಗೆ, ಅಂದರೆ ಮೇ ತಿಂಗಳ ಕೊನೆಯವರೆಗೆ, ದಿನಕ್ಕೊಂದು ಊರು. ಕೊಯ್ಲಾದ ಗದ್ದೆಯಲ್ಲಿ ನಾಲ್ಕು ಕಂಬ ನಿಲ್ಲಿಸಿದರೆ ರಂಗಸ್ಥಳ. ಪಕ್ಕದಲ್ಲಿ ಮಡಲು ಕಟ್ಟಿದ ಚೌಕಿ. ಚೌಕಿ ಅಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟಿಕೊಳ್ಳುವ ಜಾಗ. ಚಿಕ್ಕಂದಿನಲ್ಲಿ ನಾನು ಆಟ ನೋಡಿದ್ದಕ್ಕಿಂತ ಆಟದ ಗದ್ದೆಯಲ್ಲಿ ಚಾಪೆ ಮೇಲೆ ನಿದ್ದೆ ಮಾಡಿದ್ದೇ ಹೆಚ್ಚು. ಚೆಂಡೆ ಜೋರಾದಾಗ ಅಮ್ಮ ತಟ್ಟಿ ಎಬ್ಬಿಸುವುದು, ಬಣ್ಣದ ವೇಷ ನೋಡಿ ಹೆದರಿ ಮತ್ತೆ ಕಂಬಳಿಯೊಳಗೆ ಹೋಗುವುದು :)

ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದು, ಎರಡು ವರ್ಷ ಸಂಬಳ ಎಣಿಸಿದ ಮೇಲೆ ಎಲ್ಲರ ಹಾಗೆ ನಾನೂ ಒಂದು ಕ್ಯಾಮೆರಾ ತಗೊಂಡೆ. ಲಾಲ್‌ಬಾಗಿನ ಹೂವು, ನಂದಿಬೆಟ್ಟದ ಮಂಜು, ಗೆಳೆಯನ ಮದುವೆ ಎಲ್ಲ ಆದ ಮೇಲೆ ಆಟದ ಫೋಟೋ ತೆಗೆಯುವ ಹುಚ್ಚು ಹತ್ತಿತು. ಅದೇ ಹೊತ್ತಿಗೆ ದೊಡ್ಡಮ್ಮನ ಹರಕೆ ಆಟ ಬಂತು.

ಅದರ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ಅಣ್ಣ, ದೊಡ್ಡಮ್ಮನ ಮಗ, ಬೈಕಿನಲ್ಲಿ ಬಿದ್ದು ಹನ್ನೊಂದು ದಿನ ಐಸಿಯುನಲ್ಲಿದ್ದ. ಆಗ ದೊಡ್ಡಮ್ಮ ಹೇಳಿಕೊಂಡ ಹರಕೆ ಅದು. ಅವನು ಎದ್ದು ಓಡಾಡಿದ, ಮದುವೆಯೂ ಆದ, ಆದರೆ ಆಟಕ್ಕೆ ದಿನ ಸಿಗಬೇಕಲ್ಲ. ಹೆಸರಾದ ಮೇಳಗಳಲ್ಲಿ ಹರಕೆ ಆಟ ಬರೆಸಿ ವರ್ಷಗಟ್ಟಲೆ ಕಾಯಬೇಕು. ಅಂತೂ ಎರಡು ವರ್ಷದ ಹಿಂದೆ, ಡಿಸೆಂಬರಿನಲ್ಲಿ ದಿನ ಸಿಕ್ಕಿತು. ಪ್ರಸಂಗ ದೇವೀಮಹಾತ್ಮೆ. ಮೇಳದ ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ದೇವೀಮಹಾತ್ಮೆ ನೋಡಿದವರಿಗೆ ಮಹಿಷಾಸುರನ ಪ್ರವೇಶ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ನೋಡದವರಿಗಾಗಿ ಹೇಳ್ತೀನಿ. ಬೇರೆ ವೇಷಗಳ ಹಾಗೆ ಅವನು ಚೌಕಿಯಿಂದ ನೇರ ರಂಗಸ್ಥಳಕ್ಕೆ ಬರುವುದಿಲ್ಲ. ನಡುರಾತ್ರಿಯ ಹೊತ್ತಿಗೆ ಎಲ್ಲೋ ದೂರದ ಕತ್ತಲಿನಿಂದ ಒಂದು ಆರ್ಭಟ ಕೇಳುತ್ತದೆ. ಎಲ್ಲರೂ ಹಿಂದೆ ತಿರುಗಿ ನೋಡ್ತಾರೆ. ಏನೂ ಕಾಣುವುದಿಲ್ಲ. ಮತ್ತೊಂದು ಆರ್ಭಟ, ಆಮೇಲೆ ಸೂಟೆಯ ಬೆಂಕಿ ಕಾಣುತ್ತದೆ. ರಾಳದ ಪುಡಿ ಎರಚಿದಾಗ ಭುಗ್ಗೆಂದು ಜ್ವಾಲೆ ಎದ್ದು, ಆ ಒಂದು ಕ್ಷಣದ ಬೆಳಕಿನಲ್ಲಿ ಎರಡು ಕೊಂಬು, ಮುಖದ ಮೇಲೆ ಬಿಳೀ ಚುಟ್ಟಿ, ಕೆಂಪು ಕಣ್ಣು. ಮತ್ತೆ ಕತ್ತಲು. ಹಾಗೆ ಜನರ ನಡುವೆ ದಾರಿ ಮಾಡಿಕೊಂಡು ರಂಗಸ್ಥಳಕ್ಕೆ ಬರ್ತಾನೆ. ಎಷ್ಟು ಸಲ ನೋಡಿದರೂ ಮೈ ಜುಂ ಅನ್ನುತ್ತದೆ.

ಆ ಫೋಟೋ ಬೇಕಿತ್ತು ನನಗೆ. ಅದಕ್ಕಾಗಿ ಕ್ಯಾಮೆರಾ ಮೇಲೆ ಕೂರಿಸುವ ದೊಡ್ಡ ಫ್ಲ್ಯಾಶ್ ತಗೊಂಡು ಹೋಗಿದ್ದೆ. ಅವನು ಬರುವ ದಾರಿಯಲ್ಲೇ, ಗದ್ದೆಯ ಹುಣಿಯ ಪಕ್ಕ (ಹುಣಿ ಅಂದರೆ ಬದು) ಜಾಗ ಹಿಡಿದು ನಿಂತೆ. ಬೆನ್ನಿಗೆ ಕ್ಯಾಮೆರಾ ಬ್ಯಾಗ್ ಬೇರೆ. ಮಹಿಷಾಸುರ ಬಂದ. ಎರಡು ಮೀಟರ್ ದೂರಕ್ಕೆ ಬಂದಾಗ ಹೊಡೆದೆ. ಒಂದಲ್ಲ, ಮೂರು ಸಲ.

ಮೂರನೆಯದಕ್ಕೆ ಅವರ ಕಾಲು ಹುಣಿಗೆ ತಾಗಿ ಮುಗ್ಗರಿಸಿದರು. ಪಕ್ಕದಲ್ಲಿ ಸೂಟೆ ಹಿಡಿದಿದ್ದ ಹುಡುಗ ಹಿಂದೆ ಸರಿದ, ಕಿಡಿಗಳು ಹಾರಿದವು. ಮೈತುಂಬ ಬಟ್ಟೆ, ತಲೆ ಮೇಲೆ ಆ ಭಾರ, ಸುತ್ತ ಬೆಂಕಿ. ಬಿದ್ದಿದ್ದರೆ? ಬೀಳಲಿಲ್ಲ. ಆ ಮುಗ್ಗರಿಕೆಯನ್ನೇ ಒಂದು ಹಾರಿಕೆ ಮಾಡಿ, ಇನ್ನೊಂದು ಆರ್ಭಟ ಕೊಟ್ಟು ಮುಂದೆ ಹೋದರು. ಜನ ಶಿಳ್ಳೆ ಹೊಡೆದರು. ಅದೂ ವೇಷದ ಅಬ್ಬರವೇ ಅಂದುಕೊಂಡರು. ನನಗೆ ಮಾತ್ರ ಗೊತ್ತಿತ್ತು. ಕೈ ನಡುಗುತ್ತಿತ್ತು, ಆಮೇಲೆ ಒಂದು ಗಂಟೆ ಫೋಟೋನೇ ತೆಗೆಯಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಊಟದ ಚಪ್ಪರದ ಹತ್ತಿರ ನೀರು ಕುಡಿಯಲು ಹೋದಾಗ ದೊಡ್ಡಮ್ಮ ಸಿಕ್ಕರು. ಬಂದವರಿಗೆಲ್ಲ ಊಟ ಹಾಕುವ ಮನೆಯವರು ಅವರು, ಬೆಳಿಗ್ಗೆಯಿಂದ ಕೂತಿರಲಿಲ್ಲ. ಇಡೀ ರಾತ್ರಿಯಲ್ಲಿ ಮಹಿಷಾಸುರನ ಪ್ರವೇಶ ಒಂದಕ್ಕೆ ಮಾತ್ರ ಕೈ ಒರೆಸಿಕೊಂಡು ಹೊರಗೆ ಬಂದು ನಿಂತಿದ್ದರಂತೆ. ನನ್ನ ಹಿಂದೆ.

"ಕಂಡಿತಾ ದೊಡ್ಡಮ್ಮ?" ಅಂದೆ.

"ಬಂದದ್ದು ಗೊತ್ತಾಯ್ತು ಮಾರಾಯ, ಶಬ್ದ ಕೇಳಿತು. ಕಂಡದ್ದು ನಿನ್ನ ಬೆನ್ನಿನ ಚೀಲ" ಅಂತ ನಕ್ಕು ಒಳಗೆ ಹೋದರು. ಪಾಯಸ ಬಡಿಸುವುದಿತ್ತು.

ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅವರ ಹರಕೆ, ಅವರ ಮಗನ ಜೀವದ ಲೆಕ್ಕದ ಆಟ, ಎಷ್ಟು ವರ್ಷ ಕಾದು ಬಂದ ರಾತ್ರಿ. ಅದರಲ್ಲಿ ಅವರು ಇಟ್ಟುಕೊಂಡಿದ್ದ ಹತ್ತು ನಿಮಿಷಕ್ಕೆ ನಾನು ಅಡ್ಡ ನಿಂತಿದ್ದೆ.

ಬೆಳಗಿನ ಜಾವ ರಕ್ತಬೀಜನ ವಧೆ ಎಲ್ಲ ಮುಗಿದು ಮಂಗಳ ಹಾಡಿದ ಮೇಲೆ ಚೌಕಿಗೆ ಹೋದೆ. ಮಹಿಷಾಸುರ ಮಾಡಿದವರು ಆಗಲೇ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆದು, ಒಂದು ಪೆಟ್ಟಿಗೆಗೆ ಒರಗಿ ಚಾ ಕುಡೀತಿದ್ದರು. ಐವತ್ತು ದಾಟಿದ, ತೆಳ್ಳಗಿನ ಮನುಷ್ಯ. ರಾತ್ರಿ ಕಂಡ ಆಕಾರ ಇವರದ್ದೇ ಅಂತ ನಂಬುವುದು ಕಷ್ಟ. "ನಿನ್ನೆ ಫ್ಲ್ಯಾಶ್ ಹೊಡೆದದ್ದು ನಾನೇ, ತಪ್ಪಾಯ್ತು" ಅಂದೆ.

"ಓ, ನೀವಾ" ಅಂದರು. ಸಿಟ್ಟೇನೂ ಇರಲಿಲ್ಲ. "ಕಣ್ಣಿಗೆ ಅದು ಬಿದ್ದರೆ ಮತ್ತೆ ಸ್ವಲ್ಪ ಹೊತ್ತು ನೆಲವೇ ಕಾಣುದಿಲ್ಲ ಮಾರಾಯ್ರೆ. ನೆಲ ಕಾಣದೆ ಕುಣಿಯುದು ಹೇಗೆ? ಬೆಂಕಿ ಬೇರೆ ಉಂಟಲ್ಲ." ಆಮೇಲೆ ಅವರೇ ಕೇಳಿದರು, "ಫೋಟೋ ಸರಿ ಬಂತಾ?"

ತೋರಿಸಿದೆ. ನೋಡಿ ನಕ್ಕರು. "ಇದು ಹಗಲುವೇಷದ ಹಾಗೆ ಉಂಟು!"

ಸರಿಯಾಗಿಯೇ ಹೇಳಿದ್ದರು. ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ. ಬೆಂಕಿ ಎಲ್ಲೂ ಇಲ್ಲ. ಹಿಂದೆ ಕಪ್ಪು ಬಟ್ಟೆ ಕಟ್ಟಿದ ಹಾಗೆ ಕತ್ತಲು. ಕೊಂಬು ಕಟ್ಟಿದ ದಾರ, ಬೆವರಿಗೆ ಕರಗಿದ ಬಣ್ಣ ಎಲ್ಲ ಸ್ಪಷ್ಟ. ಒಬ್ಬ ಮನುಷ್ಯ ವೇಷ ಹಾಕಿಕೊಂಡು ನಿಂತಿದ್ದಾನೆ, ಅಷ್ಟೆ. ಮಹಿಷಾಸುರ ಆ ಫೋಟೋದಲ್ಲಿ ಇರಲಿಲ್ಲ.

*

ಆವತ್ತಿನಿಂದ ನಾನು ಆಟದಲ್ಲಿ ಫ್ಲ್ಯಾಶ್ ಹಾಕಿಲ್ಲ. ಪಶ್ಚಾತ್ತಾಪ ಒಂದೇ ಕಾರಣ ಅಲ್ಲ. ಲೆಕ್ಕ ಹಾಕಿ ನೋಡಿದರೂ ಫ್ಲ್ಯಾಶ್‌ನಿಂದ ಲಾಭ ಇಲ್ಲ. ಇಂಜಿನಿಯರ್ ಬುದ್ಧಿ ನೋಡಿ, ಲೆಕ್ಕ ಕೊಡದೆ ಸಮಾಧಾನ ಇಲ್ಲ :)

ಕ್ಯಾಮೆರಾದೊಳಗೇ ಇರುವ ಪುಟ್ಟ ಫ್ಲ್ಯಾಶ್‌ನ ಗೈಡ್ ನಂಬರ್ ಸಾಮಾನ್ಯವಾಗಿ 12ರ ಆಸುಪಾಸು. ಇದು ಐಎಸ್‌ಒ 100ರ ಲೆಕ್ಕ. ಅದನ್ನು ಲೆನ್ಸಿನ ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಎಷ್ಟು ದೂರ ತಲುಪುತ್ತದೆ ಅಂತ ಗೊತ್ತಾಗುತ್ತದೆ. ಎಫ್ 4 ಇಟ್ಟರೆ 3 ಮೀಟರ್. ಐಎಸ್‌ಒ 1600ಕ್ಕೆ ಏರಿಸಿದರೆ ಅದರ ನಾಲ್ಕು ಪಟ್ಟು, 12 ಮೀಟರ್. "ಸಾಕಲ್ಲ" ಅನ್ನಬೇಡಿ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. 12 ಮೀಟರ್ ದೂರದ ವೇಷಕ್ಕೆ ಬಿದ್ದ ಬೆಳಕಿನ 16 ಪಟ್ಟು 3 ಮೀಟರ್ ದೂರದಲ್ಲಿ ಕೂತವರ ತಲೆಗೆ ಬೀಳುತ್ತದೆ. ಫೋಟೋದಲ್ಲಿ ಚೆನ್ನಾಗಿ ಬರುವುದು ಮುಂದಿನ ಸಾಲಿನವರ ಬೋಳುತಲೆ! ದೊಡ್ಡ ಫ್ಲ್ಯಾಶ್ ತಂದರೆ ವೇಷದವರೆಗೂ ಬೆಳಕು ಹೋಗುತ್ತದೆ ನಿಜ. ಆಗ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನಲ್ಲ.

ಹಾಗಾದರೆ ಏನು ಮಾಡುವುದು? ಆ ದುಡ್ಡಿಗೆ 50 ಎಂಎಂ ಎಫ್ 1.8 ಲೆನ್ಸ್ ತಗೊಳ್ಳಿ. ಎಲ್ಲ ದೊಡ್ಡ ಕಂಪನಿಗಳಲ್ಲೂ ಅಗ್ಗದ ಲೆನ್ಸುಗಳ ಸಾಲಿನಲ್ಲೇ ಇರುತ್ತದೆ ಅದು. ಕ್ಯಾಮೆರಾ ಜೊತೆ ಕೊಡುವ ಜೂಮ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಸಿಗುವುದು ಎಫ್ 5.6. ಎಫ್ 1.8ರಲ್ಲಿ ಅದರ ಹತ್ತು ಪಟ್ಟಿನಷ್ಟು ಬೆಳಕು ಒಳಗೆ ಬರುತ್ತದೆ. ಅಂದರೆ ಜೂಮ್ ಲೆನ್ಸಿನಲ್ಲಿ ಸೆಕೆಂಡಿನ 25ನೇ ಒಂದು ಭಾಗ ಬೇಕಾದ ಕಡೆ ಇಲ್ಲಿ 250ನೇ ಒಂದು ಭಾಗ ಸಾಕು. 25ರಲ್ಲಿ ಕುಣಿಯುವ ಕಾಲು ಮಸುಕು, 250ರಲ್ಲಿ ಗೆಜ್ಜೆ ಎಣಿಸಬಹುದು.

ಐಎಸ್‌ಒ ಏರಿಸಲು ಹೆದರಬೇಡಿ. ನಿಕಾನ್ ಡಿ3 2007ರಲ್ಲಿ ಬಂದಾಗ ಐಎಸ್‌ಒ 6400 ಅನ್ನುವುದೇ ದೊಡ್ಡ ಸುದ್ದಿ, ಅದನ್ನು ಕೊಳ್ಳಲು ನಮ್ಮಂಥವರಿಗೆ ಸಾಧ್ಯವೂ ಇರಲಿಲ್ಲ. ಈಗ ಸಾಮಾನ್ಯ ಕ್ಯಾಮೆರಾಗಳೂ 3200ನ್ನು ಸಲೀಸಾಗಿ ಕೊಡುತ್ತವೆ. ಸ್ವಲ್ಪ ಕಾಳು ಕಾಳು ಬರುತ್ತದೆ, ಬರಲಿ. ರಾತ್ರಿಯ ಫೋಟೋದಲ್ಲಿ ರಾತ್ರಿ ಇರಲೇಬೇಕಲ್ಲ.

ಇನ್ನು ಎಕ್ಸ್‌ಪೋಶರ್. ಹಿಂದೆಲ್ಲ ಕತ್ತಲು ಇರುವಾಗ ಕ್ಯಾಮೆರಾ ಮೋಸ ಹೋಗುತ್ತದೆ. ಇಷ್ಟು ಕಪ್ಪಾ ಅಂತ ಗಾಬರಿಯಾಗಿ ಇಡೀ ಚಿತ್ರವನ್ನು ಬೆಳಗಿಸಲು ಹೋಗಿ ವೇಷದ ಮುಖವನ್ನು ಸುಟ್ಟು ಹಾಕುತ್ತದೆ. ಅದಕ್ಕೇ ಮ್ಯಾನುವಲ್‌ನಲ್ಲಿಟ್ಟು, ಮುಖಕ್ಕೆ ಬಿದ್ದ ಬೆಳಕಿಗೆ ಒಮ್ಮೆ ಸರಿ ಮಾಡಿಕೊಂಡು ಬಿಟ್ಟುಬಿಡಬೇಕು. ರಂಗಸ್ಥಳದ ದೀಪ ರಾತ್ರಿಯಿಡೀ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಬಣ್ಣದ ತಲೆಬಿಸಿ ಬೇಡ ಅಂದರೆ ರಾ ಫೈಲಿನಲ್ಲಿ ತೆಗೆಯಿರಿ, ಮನೆಗೆ ಬಂದು ಸರಿಪಡಿಸಬಹುದು.

ಎಲ್‌ಇಡಿ ದೀಪಗಳದ್ದು ಬೇರೆಯೇ ಕಥೆ. ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಫೋಟೋದಲ್ಲಿ ಅಡ್ಡಡ್ಡ ಪಟ್ಟೆ ಬರುವುದು ಇದರಿಂದಲೇ. ಶಟರನ್ನು 50ನೇ ಅಥವಾ 100ನೇ ಒಂದು ಭಾಗಕ್ಕೆ ಇಳಿಸಿದರೆ ಪಟ್ಟೆ ಹೋಗುತ್ತದೆ. ಈಗಿನ ಹಲವು ಕ್ಯಾಮೆರಾಗಳಲ್ಲಿ ಇದಕ್ಕೆಂದೇ ಆಂಟಿ ಫ್ಲಿಕರ್ ಅಂತ ಒಂದು ಆಯ್ಕೆಯೂ ಇರುತ್ತದೆ.

"ಆದರೆ 100ರಲ್ಲಿ ಕುಣಿತ ಮಸುಕಾಗುತ್ತಲ್ಲ" ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಇಲ್ಲಿ ಕ್ಯಾಮೆರಾಗಿಂತ ಆಟ ಗೊತ್ತಿರುವುದು ಮುಖ್ಯ. ಧೀಂಗಿಣ ಹೊಡೆಯುವಾಗ ವೇಷಧಾರಿ ಮೇಲಕ್ಕೆ ಹಾರಿ, ಇನ್ನೇನು ಕೆಳಗೆ ಬರಬೇಕು ಅನ್ನುವಾಗ ಒಂದು ಕ್ಷಣ ಗಾಳಿಯಲ್ಲಿ ನಿಂತ ಹಾಗಿರುತ್ತಾನೆ. ಪಿಯುಸಿ ಫಿಸಿಕ್ಸ್ ಅದು, ತುದಿಯಲ್ಲಿ ಮೇಲೆ ಹೋಗುವ ವೇಗ ಸೊನ್ನೆ. ಅದೇ ಥರ ಚೆಂಡೆಯ ಮುಕ್ತಾಯ ಬಿದ್ದಾಗ ಕೈಕಾಲು ಒಂದು ಭಂಗಿಯಲ್ಲಿ ನಿಲ್ಲುತ್ತವೆ. ಅರ್ಥ ಹೇಳುವಾಗ ಮಾತಿನ ನಡುವೆ ನಿಲುಗಡೆ ಇರುತ್ತದೆ. ಅಲ್ಲಿ 60ನೇ ಒಂದು ಭಾಗವೂ ಸಾಕು. ತಾಳ ಗೊತ್ತಿದ್ದವನಿಗೆ ಆ ಕ್ಷಣ ಬರುವ ಮೊದಲೇ ಗೊತ್ತಾಗುತ್ತದೆ. ಗೊತ್ತಿಲ್ಲದವನು ಸೆಕೆಂಡಿಗೆ ಇಪ್ಪತ್ತು ಫೋಟೋ ಹೊಡೆದು, ಮನೆಗೆ ಹೋಗಿ ಎರಡು ಸಾವಿರ ಫೋಟೋದಲ್ಲಿ ಒಂದನ್ನು ಹುಡುಕುತ್ತಾ ಕೂರುತ್ತಾನೆ. ನಾನೂ ಕೂತವನೇ ಬಿಡಿ.

ಫೋನಿನವರಿಗೂ ಒಂದು ಮಾತು. 2018ರಲ್ಲಿ ಗೂಗಲ್ ಪಿಕ್ಸೆಲ್‌ಗೆ ನೈಟ್ ಸೈಟ್ ಬಂದ ಮೇಲೆ ರಾತ್ರಿ ಮೋಡ್ ಈಗ ಬಹಳಷ್ಟು ಫೋನುಗಳಲ್ಲಿದೆ. ಅದು ಹಲವು ಫೋಟೋ ತೆಗೆದು ಒಂದರ ಮೇಲೊಂದು ಜೋಡಿಸುವ ವಿದ್ಯೆ. ದೇವಸ್ಥಾನದ ದೀಪಾಲಂಕಾರಕ್ಕೆ ಅದ್ಭುತ, ಕುಣಿಯುವ ವೇಷಕ್ಕೆ ಅಲ್ಲ.

*

ಇಷ್ಟು ಹೊತ್ತು ಹೇಳಿದ್ದೆಲ್ಲ ತಂತ್ರ. ನಾನು ನಿಜವಾಗಿ ಹೇಳಬೇಕು ಅಂದುಕೊಂಡಿರುವುದು ಬೇರೆ. ಆಟದ ಕತ್ತಲು ಫೋಟೋಗ್ರಾಫರ್‌ನ ಸಮಸ್ಯೆ ಅಲ್ಲ, ಅದು ಆಟದ್ದೇ ಒಂದು ಭಾಗ. ಅದನ್ನು ತೆಗೆದುಹಾಕಲು ನಮಗೆ ಅಧಿಕಾರ ಇಲ್ಲ.

ನಮ್ಮ ಅಜ್ಜ ದೊಂದಿ ಬೆಳಕಿನ ಕಥೆ ಹೇಳ್ತಿದ್ದರು. ಆಮೇಲೆ ಗ್ಯಾಸ್‌ಲೈಟ್ ಬಂತು, ಟ್ಯೂಬ್‌ಲೈಟ್ ಬಂತು, ಹ್ಯಾಲೋಜನ್ ಬಂತು, ಈಗ ಎಲ್‌ಇಡಿ. ಬೆಳಕು ಹೆಚ್ಚಾಗಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಹಿಂದೆ ಕೂತ ಮುದುಕರಿಗೆ ಮುಖ ಕಾಣಬೇಕು, ಕಲಾವಿದನ ಕಾಲಿಗೆ ನೆಲ ಕಾಣಬೇಕು. ಇಲ್ಲಿಯವರೆಗೆ ಬೆಳಕು ಹೆಚ್ಚಿದ್ದು ನೋಡುವವರಿಗಾಗಿ, ಕುಣಿಯುವವರಿಗಾಗಿ. ಆದರೆ ಈಚೆಗೆ ನಾನು ನೋಡಿದ ಕೆಲವು ಆಟಗಳಲ್ಲಿ ವೀಡಿಯೋದವರು ಹೇಳಿದರು ಅಂತ ರಂಗಸ್ಥಳದ ಎದುರಿಗೇ ಎರಡು ಬಿಳಿ ಫ್ಲಡ್‌ಲೈಟ್ ಕಟ್ಟಿದ್ದರು. ಯೂಟ್ಯೂಬ್ ಲೈವ್‌ನಲ್ಲಿ ಸ್ವಚ್ಛವಾಗಿ ಬರಬೇಕಂತೆ. ಬಂತು. ಆದರೆ ಅಲ್ಲಿ ಗದ್ದೆಯಲ್ಲಿ ಕೂತವರಿಗೆ ರಾಜವೇಷದ ಕಿರೀಟದ ಹೊಳಪು ಹೋಗಿ ಬೇಗಡೆ ಕಾಗದ ಕಂಡಿತು. ಬಣ್ಣದ ವೇಷದ ಮುಖದ ಮೇಲೆ ಗಂಟೆಗಟ್ಟಲೆ ಕೂತು ಇಟ್ಟ ಚುಟ್ಟಿ ಚಪ್ಪಟೆಯಾಗಿ ಕಂಡಿತು. ಎದುರಿನಿಂದ ಬಿದ್ದ ಬೆಳಕಿನಲ್ಲಿ ನೆರಳೇ ಇರುವುದಿಲ್ಲ, ನೆರಳಿಲ್ಲದೆ ಆ ಚುಟ್ಟಿಯ ಉಬ್ಬು ಕಾಣುವುದು ಹೇಗೆ? ಇನ್ನು ಅರ್ಥ ಹೇಳುವವರು ಕಣ್ಣು ಕಿರಿದು ಮಾಡಿಕೊಂಡೇ ಮಾತಾಡುತ್ತಿದ್ದರು.

ಇದಕ್ಕೆ ಎದುರು ವಾದ ಇದೆ, ಅದೂ ಗಟ್ಟಿಯಾಗಿಯೇ ಇದೆ. ನಮ್ಮ ಮಾವ ದುಬೈಯಲ್ಲಿದ್ದಾರೆ. ಶುಕ್ರವಾರ ರಾತ್ರಿ ಊರಿನ ಆಟವನ್ನು ಟಿವಿಗೆ ಹಾಕಿಕೊಂಡು ನೋಡ್ತಾರೆ, ನೋಡಿ ಅಳ್ತಾರೆ ಕೂಡ. ಅವರಿಗೆ ಲೈವ್ ಬೇಡ ಅನ್ನಲು ನಾನ್ಯಾರು? ಇನ್ನು ದಾಖಲೆಯ ಮಾತು. ಬಡಗುತಿಟ್ಟಿನ ಭಾಗವತ ಕಾಳಿಂಗ ನಾವಡರು ತೀರಿಕೊಂಡಿದ್ದು 1990ರಲ್ಲಿ, ನಾನು ಹುಟ್ಟುವ ಮೊದಲು. ನಾನು ತೆಂಕಿನ ಕಡೆಯವನಾದರೂ ಅವರ ಪದ ಕೇಳಿ ಬೆಳೆದೆ, ಯಾರೋ ಕ್ಯಾಸೆಟ್ ಮಾಡಿಟ್ಟಿದ್ದರಿಂದ. ರೆಕಾರ್ಡ್ ಮಾಡಿದವರು ಇರದಿದ್ದರೆ ನನ್ನ ಪಾಲಿಗೆ ಅವರು ಬರೀ ಹೆಸರು. ಕಲಾವಿದರಿಗೂ ಫೋಟೋ ಬೇಕು. ಒಳ್ಳೆಯ ಫೋಟೋ ತೆಗೆದು ಕಳಿಸಿದರೆ ಮಾರನೆಯ ದಿನವೇ ಅದು ಅವರ ವಾಟ್ಸಾಪ್ ಡಿಪಿ.

ಎಲ್ಲ ಒಪ್ಪುತ್ತೇನೆ. ಆದರೆ ಯಾವುದರ ದಾಖಲೆ ಅಂತ ಕೇಳಿಕೊಳ್ಳಬೇಕಲ್ಲವಾ? ದಾಖಲೆ ಮಾಡುವ ನೆಪದಲ್ಲಿ ಆಟವನ್ನೇ ಬದಲಾಯಿಸಿಬಿಟ್ಟರೆ, ಕೊನೆಗೆ ನಮ್ಮ ಹಾರ್ಡ್ ಡಿಸ್ಕಿನಲ್ಲಿ ಇರುವುದು ಕ್ಯಾಮೆರಾಗಾಗಿ ಮಾಡಿದ ಆಟ. ಸಾಫ್ಟ್‌ವೇರಿನಲ್ಲಿ ನಮಗೆ ಇದು ಚೆನ್ನಾಗಿ ಗೊತ್ತಿರುವ ವಿಷಯ. ಲಾಗ್ ಬರೆಯುವ ಕೋಡೇ ಪ್ರೋಗ್ರಾಮನ್ನು ನಿಧಾನ ಮಾಡಿದರೆ ಮೊದಲು ಆ ಲಾಗ್ ತೆಗೀತೀವಿ. ದುಬೈಯ ಮಾವನಿಗೂ ಬೇಕಾಗಿರುವುದು ತಾನು ಚಿಕ್ಕಂದಿನಲ್ಲಿ ಚಾಪೆ ಮೇಲೆ ಕೂತು ನೋಡಿದ ಆಟವೇ ಹೊರತು ಸ್ಟುಡಿಯೋದ್ದಲ್ಲ.

ಮೊದಲಾಗಿದ್ದರೆ "ಕ್ಯಾಮೆರಾ ಅಷ್ಟು ಕಡಿಮೆ ಬೆಳಕಲ್ಲಿ ತೆಗೆಯಲ್ಲ, ಏನು ಮಾಡೋದು" ಅನ್ನಬಹುದಿತ್ತು. ಈಗ ಆ ಮಾತಿಗೂ ಅರ್ಥ ಇಲ್ಲ. ಕ್ಯಾಮೆರಾಗಳು ಕತ್ತಲಲ್ಲಿ ಇಷ್ಟು ಚೆನ್ನಾಗಿ ನೋಡಲು ಕಲಿತ ಹೊತ್ತಿನಲ್ಲೇ ನಾವು ಕತ್ತಲನ್ನು ಓಡಿಸುತ್ತಿದ್ದೇವೆ. ವಿಚಿತ್ರ ಅಲ್ವಾ?

*

ನಾನು ಈಗ ಪಾಲಿಸುವುದು ಇಷ್ಟು. ನಿಯಮ ಅನ್ನಬೇಡಿ, ಅಭ್ಯಾಸ ಅನ್ನಿ.

ಫ್ಲ್ಯಾಶ್ ಇಲ್ಲ. ಫೋಕಸ್ ಮಾಡುವಾಗ ಕ್ಯಾಮೆರಾದಿಂದ ಒಂದು ಕಿತ್ತಳೆ ಬಣ್ಣದ ದೀಪ ಹೊತ್ತಿಕೊಳ್ಳುತ್ತದಲ್ಲ, ಅದೂ ಬಂದ್. ಬಹಳ ಜನ ಫ್ಲ್ಯಾಶ್ ಆಫ್ ಮಾಡಿ ಇದನ್ನು ಮರೀತಾರೆ. ಅದು ನೇರ ಕಲಾವಿದನ ಮುಖಕ್ಕೇ ಬೀಳುತ್ತದೆ.

ಹಿಂದಿನ ಪರದೆ ಕೂಡ ಆಫ್. ತೆಗೆದ ಪ್ರತಿ ಫೋಟೋವನ್ನೂ ನೋಡುತ್ತಾ ಕೂತರೆ ನಮ್ಮ ಹಿಂದಿನವರಿಗೆ ಎದುರಿಗೊಂದು ಟಿವಿ ಇಟ್ಟ ಹಾಗೆ. ಜೊತೆಗೆ ನಮ್ಮ ಕಣ್ಣೂ ಕತ್ತಲಿಗೆ ಹೊಂದಿಕೊಳ್ಳುವುದಿಲ್ಲ.

ನಿಲ್ಲುವುದಾದರೆ ಎಲ್ಲರಿಗಿಂತ ಹಿಂದೆ, ಇಲ್ಲವೇ ರಂಗಸ್ಥಳದ ಒಂದು ಬದಿಗೆ. ಮುಂದೆ ಬೇಕೆಂದರೆ ನೆಲದ ಮೇಲೆ ಕೂತು. ಬದಿಯಿಂದ ತೆಗೆದರೆ ವೇಷದ ಜೊತೆ ಭಾಗವತರೂ ಮದ್ದಳೆಯವರೂ ಬರುತ್ತಾರೆ, ಬೆಳಕು ಅಡ್ಡ ಬಿದ್ದು ಮುಖದಲ್ಲಿ ನೆರಳೂ ಇರುತ್ತದೆ. ಎದುರಿನ ಜಾಗವೇ ಒಳ್ಳೆಯದು ಅನ್ನುವುದು ನಮ್ಮ ಭ್ರಮೆ.

ಚೌಕಿಗೆ ಹೋಗುವುದಾದರೆ ಕೇಳಿಕೊಂಡು ಹೋಗುವುದು. ಅದು ಅವರು ಬಟ್ಟೆ ಬದಲಾಯಿಸುವ ಜಾಗ, ದೇವರ ಪೂಜೆ ಆಗುವ ಜಾಗ. ಸ್ತ್ರೀವೇಷ ಮಾಡುವವರು ಅರ್ಧ ಸೀರೆ ಸುತ್ತಿಕೊಂಡಿರುವಾಗ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕುವವರನ್ನು ನೋಡಿದ್ದೇನೆ. ನಾವು ಆಫೀಸಿಗೆ ಹೊರಡುವಾಗ ಯಾರಾದರೂ ಬಂದು ಹಾಗೆ ತೆಗೆದರೆ ಸುಮ್ಮನಿರ್ತೀವಾ?

ಕೊನೆಯದು, ತೆಗೆದ ಫೋಟೋ ಅವರಿಗೆ ಕೊಡುವುದು. ಮಹಿಷಾಸುರನದ್ದು, ದೇವಿಯದ್ದು ಎಲ್ಲರೂ ತೆಗೀತಾರೆ. ಸಂಜೆ ಪೂರ್ವರಂಗದಲ್ಲಿ ಕುಣಿಯುವ ಬಾಲಗೋಪಾಲ ವೇಷದ ಹುಡುಗರದ್ದು ಯಾರೂ ತೆಗೆಯುವುದಿಲ್ಲ. ಆಗಿನ್ನೂ ಜನ ಬಂದಿರುವುದಿಲ್ಲ, ಫೋಟೋಗ್ರಾಫರು ಬೋಂಡಾ ತಿನ್ನುತ್ತಿರುತ್ತಾರೆ. ಕಳೆದ ವರ್ಷ ಅಂಥ ಇಬ್ಬರು ಹುಡುಗರ ಫೋಟೋ ಪ್ರಿಂಟ್ ಹಾಕಿಸಿ ಕೊಟ್ಟೆ. ಒಬ್ಬ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ನಾನು ಇಷ್ಟು ಲಾಯ್ಕ ಕಾಣ್ತೇನಾ?" ಅಂದ. ನಾನು ಕ್ಯಾಮೆರಾಕ್ಕೆ ಹಾಕಿದ ದುಡ್ಡೆಲ್ಲ ಆವತ್ತು ವಸೂಲಾಯಿತು.

ಮೊನ್ನೆ ಜನವರಿಯಲ್ಲಿ ಪಕ್ಕದೂರಿನಲ್ಲಿ ದೇವೀಮಹಾತ್ಮೆ ಇತ್ತು. ರಜೆ ಹಾಕಿ, ರಾತ್ರಿ ಬಸ್ಸು ಹಿಡಿದು ಹೋದೆ. ದೊಡ್ಡಮ್ಮನನ್ನೂ ಕರಕೊಂಡು ಹೋದೆ. ದಾರಿಯ ಪಕ್ಕ ಒಂದು ಕುರ್ಚಿ ಹಾಕಿ ಅವರನ್ನು ಕೂರಿಸಿ, ಅವರ ಕುರ್ಚಿಯ ಹಿಂದೆ ನಾನು ನಿಂತೆ. ಮಹಿಷಾಸುರ ಬಂದ. ಅವರಿಬ್ಬರ ನಡುವೆ ಯಾರೂ ಇರಲಿಲ್ಲ. ರಾಳದ ಬೆಂಕಿ ಎದ್ದಾಗ ಒಂದೇ ಒಂದು ಫೋಟೋ ತೆಗೆದೆ.

ಮುಖ ಅರ್ಧ ಮಾತ್ರ ಕಾಣುತ್ತದೆ. ಒಂದು ಕೊಂಬಿನ ತುದಿ ಕತ್ತಲಲ್ಲಿ ಕರಗಿಹೋಗಿದೆ. ಕಾಳು ಕಾಳಾಗಿದೆ, ಫೋಕಸ್ ಕೂಡ ಕೂದಲೆಳೆ ತಪ್ಪಿದೆ. ಯಾವ ಸ್ಪರ್ಧೆಗೆ ಕಳಿಸಿದರೂ ಮೊದಲ ಸುತ್ತಿನಲ್ಲೇ ಹೊರಗೆ. ಕೆಳಗಡೆ ಮೂಲೆಯಲ್ಲಿ ದೊಡ್ಡಮ್ಮನ ತಲೆ, ಎದೆಯ ಹತ್ತಿರ ಮುಗಿದ ಕೈ.

ಅದನ್ನು ಫ್ರೇಮ್ ಹಾಕಿಸಿ ದೊಡ್ಡಮ್ಮನ ಮನೆಗೆ ಕೊಟ್ಟಿದ್ದೇನೆ. ಆಫೀಸಿನ ಹುಡುಗನಿಗೆ 50 ಎಂಎಂ ಲೆನ್ಸಿನ ಲಿಂಕ್ ಕಳಿಸಿದ್ದೇನೆ, ತಗೊಂಡನೋ ಇಲ್ಲವೋ ಗೊತ್ತಿಲ್ಲ.

ನಿಮ್ಮೂರಲ್ಲಿ ಹೇಗೆ? ಆಟವೋ, ನಾಟಕವೋ, ದೊಡ್ಡಾಟವೋ, ರಾತ್ರಿ ಬಯಲಲ್ಲಿ ನಡೆಯುವಾಗ ಕ್ಯಾಮೆರಾದವರು ಎಲ್ಲಿ ನಿಲ್ತಾರೆ? ನಾನು ಹೇಳಿದ್ದು ಅತಿಯಾಯಿತು ಅನ್ನಿಸಿದರೆ ಅದನ್ನೂ ಹೇಳಿ. ಜಗಳ ಆಡೋಣ, ಆದರೆ ಫ್ಲ್ಯಾಶ್ ಮಾತ್ರ ಬೇಡ :)